ಮೇಜಿನ ಮೇಲೆ ನಡೆದ ಊರು

"ಕಟ್!"

ಮೇಲಿನಿಂದ ದನಿ ಬಂದದ್ದೇ ತಡ, ಮೇಜಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಮೂವರೂ ನೈಲಾನ್ ದಾರ ಸಡಿಲಿಸಿದರು. ಇದು ಏಳನೆಯ ಸಲ.

ಮೇಜಿನ ಮೇಲೊಂದು ಊರಿತ್ತು. ಬೆಂಕಿಪೊಟ್ಟಣದಷ್ಟು ಮನೆಗಳು, ಹೆಬ್ಬೆರಳಿನಗಲದ ಬೀದಿಗಳು. ಜನ ನಿದ್ದೆ ಹೋದ ಮೇಲೆ ಜಾಗ ಬದಲಿಸುವ ಊರಿನ ಸಿನಿಮಾ ಅದು. ಹಲಗೆಯಲ್ಲಿ ಸೀಳು ಕೊರೆದು ಮನೆಗೊಂದು ದಾರ ಕಟ್ಟಿದವರು ಬಡಗಿ ಮಾವ. ಹೆಂಚಿಗೆ ಬಣ್ಣ ಹೊಡೆದವರು ಅತ್ತೆ. ಕಿಟಕಿಗಳನ್ನೆಲ್ಲ ಬರೆದವಳು ಸೊಸೆಮುದ್ದು, ಮಾವನ ತಂಗಿಯ ಮಗಳು; ಹಾಗಾಗಿ ಎಲ್ಲರ ಬಾಯಲ್ಲೂ ಅವಳು 'ಕಿಟಕಿ'. ಕೆಳಗೆ ಕೂತಿದ್ದವರು ಈ ಮೂವರೇ, ಒಬ್ಬೊಬ್ಬರ ಕೈಯಲ್ಲಿ ಮೂರು ಮೂರು ದಾರ.

ನಿರ್ದೇಶಕರು ಬಗ್ಗಿ ಕೆಳಗೆ ಮುಖ ತೂರಿಸಿದರು. "ಬೇಜಾರ್ ಮಾಡ್ಕೋಬೇಡಿ ಮೇಸ್ತ್ರಿ. ಊರು ನಡೀತಿಲ್ಲ, ರೈಲು ಹೊರಟ ಹಾಗಿದೆ. ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಕಂಪ್ಯೂಟರಲ್ಲೇ ಮಾಡಿಸಿಬಿಡ್ತೀನಿ."

ನಾಲ್ಕು ತಿಂಗಳು ಕೂತು ಕಟ್ಟಿದ ಊರು. ಮಾವ ಬೆರಳಿಗೆ ಒಣಗಿ ಹಿಡಿದ ಗೋಂದನ್ನು ಕೆರೆಯುತ್ತ ಕೂತರು.

ತಪ್ಪೆಲ್ಲಿದೆ ಎಂದು ಕಿಟಕಿಗೆ ಹೊಳೆದದ್ದು ಆಗಲೇ. ಮಾವ "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದರು. ತೊಲೆ ಎತ್ತಿ ಎತ್ತಿ ಬಂದ ಅಭ್ಯಾಸ. ಬೀದಿಯ ಒಂಬತ್ತು ಮನೆಗಳೂ ಶಾಲೆಯ ಮಕ್ಕಳಂತೆ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದವು. ಅವಳ ಅಜ್ಜಿ, ಮಾವನ ತಾಯಿ, ಹೇಳುತ್ತಿದ್ದ ಕಥೆಗಳಲ್ಲಿ ಊರು ಹೀಗೆ ನಡೆದದ್ದೇ ಇಲ್ಲ. ಅಲ್ಲಿ ಮೊದಲು ಒಂದು ಮನೆ ಮುನಿಸಿಕೊಂಡು ಎದ್ದು ಹೋಗುತ್ತಿತ್ತು. "ಯಾಕಜ್ಜಿ?" ಎಂದರೆ, "ಪಕ್ಕದ ಮನೆ ಮಾತು ಬಿಟ್ಟಿತ್ತಂತೆ ಕಣೇ" ಎಂದು ಅಜ್ಜಿ ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದಳು.

"ಮಾವ, ಈ ಸಲ ಎಣಿಸ್ಬೇಡಿ," ಎಂದಳು ಕಿಟಕಿ. "ಅತ್ತೆ, ನಿಮ್ಮ ಕೈಲಿರೋ ಹೆಂಚಿನ ಮನೆ ಇದ್ಯಲ್ಲ, ಅದು ಈ ಬೀದಿಗೇ ಹಿರಿಯ ಅತ್ತೆ. ಮುನಿಸ್ಕೊಂಡು ಮೊದ್ಲು ಹೊರಡೋದು ಅದೇ. ನನ್ನ ನೀಲಿ ಮನೆ ಸೊಸೆ. ಬೇಕೋ ಬೇಡ್ವೋ ಅಂತ ಹಿಂದೆ ಬರುತ್ತೆ."

"ನನ್ನದು?" ಎಂದರು ಮಾವ.

"ನೀವು ನಡುವೆ ಸಿಕ್ಕಿಬಿದ್ದ ಮಗ. ಒಂದು ಹೆಜ್ಜೆ ಹೋಗಿ ನಿಲ್ಲಿ, ಆಮೇಲೆ ಇನ್ನೊಂದು."

"ಅದೇನು ಅವರಿಗೆ ಹೊಸದೇ," ಅತ್ತೆ ಕಿಸಕ್ಕನೆ ನಕ್ಕರು. "ಮಿಕ್ಕ ಆರು ಮನೆ?"

"ಜಗಳ ನೋಡೋಕೆ ಬಂದ ಬೀದಿಯವರು. ಅತ್ತೆ, ಹೊರಡುವಾಗ ಒಂದು ಗಳಿಗೆ ತಡೀರಿ, ಯಾರಾದ್ರೂ ಕರೀತಾರೇನೋ ಅಂತ..."

"ಲೇ, ಇಪ್ಪತ್ತೆಂಟು ವರ್ಷ ನಿಮ್ಮಜ್ಜಿ ಜೊತೆ ಬಾಳಿದೀನಿ. ಮುನಿಸ್ಕೊಂಡು ಹೋಗೋದು ಹೇಗೆ ಅಂತ ನೀನು ನನಗೆ ಹೇಳ್ಕೊಡ್ತೀಯಾ?"

ಮಾವನ ಭುಜ ನಗುವಿಗೆ ಕುಲುಕಿತು. ದಾರಗಳು ಬಿಗಿಯಾದವು.

ಮೇಲೆ ಕ್ಯಾಮೆರಾ ಓಡತೊಡಗಿತು. ಕಿಟಕಿಗೆ ಕಾಣುತ್ತಿದ್ದುದು ಬೀದಿ ಮುಗಿಯುವಲ್ಲಿ, ಮೇಜಿನ ಅಂಚಿಗೆ ಒತ್ತಿ ನಿಂತಿದ್ದ ನಿರ್ದೇಶಕರ ಕಂದು ಬೂಟುಗಳು ಮಾತ್ರ. ಅತ್ತೆಯ ದಾರ ಚೂರು ಜಗ್ಗಿತು, ತಡೆಯಿತು, ಮತ್ತೆ ಬಿರುಸಾಗಿ ಹೊರಟಿತು. ಕಿಟಕಿ ತನ್ನ ದಾರವನ್ನು ಉಸಿರು ಬಿಗಿಹಿಡಿದು ಎಳೆದಳು. "ಕಟ್" ಎಂಬ ದನಿ ಬರಲಿಲ್ಲ.

ಹೆಂಚಿನ ಮನೆ ಬೀದಿಯ ಕೊನೆಗೆ ಬರುತ್ತಿದ್ದಂತೆ ಆ ಕಂದು ಬೂಟುಗಳು ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದು, ಅದಕ್ಕೆ ದಾರಿ ಬಿಟ್ಟವು.