ಸೀನಪ್ಪನ ಉಸಿರು

ಗಾಜಿನ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸೀನಪ್ಪ ಅಂತಲೇ ಕರೆಯುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಚಳಿ ಮುಗಿದು ಬೀದಿಯ ಮರಗಳು ಹೂಬಿಟ್ಟು, ಕಿಟಕಿಯ ಅಂಚಿಗೆ ಹಳದಿ ಪುಡಿ ಕೂತಿತೆಂದರೆ ಅವನಿಗೆ ಸೀನು ಹತ್ತುತ್ತಿತ್ತು. ಒಂದರ ಬೆನ್ನಿಗೊಂದು, ಹತ್ತೋ ಹನ್ನೆರಡೋ. "ಸೀನಪ್ಪ ಸೀನಿದ, ಇನ್ನು ಕಂಬಳಿ ಮಡಚಿಡಿ" ಎಂದು ಅಣ್ಣ ನಗಾಡುತ್ತಿದ್ದ. ಕಾರ್ಖಾನೆ ಅಣ್ಣನದು. ಗಾಜು ಊದುವ ಕೊಳವೆ ಮಾತ್ರ ಇಪ್ಪತ್ತೆರಡು ವರ್ಷದಿಂದ ತಮ್ಮನ ಕೈಯಲ್ಲಿತ್ತು. ಮಂಡಿಯೆತ್ತರದ, ಅಗಲ ಬಾಯಿಯ ಹೂಜಿ ಊದಬಲ್ಲವನು ಅಲ್ಲಿ ಅವನೊಬ್ಬನೇ.

ಆ ವರ್ಷ ಕಾಟ ಮೂಗಿನಲ್ಲೇ ನಿಲ್ಲಲಿಲ್ಲ. ಮೊದಲು ಒಣಕೆಮ್ಮು, ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೆ ಎದೆಗೆ ಪಟ್ಟಿ ಬಿಗಿದ ಹಾಗೆ. ಒಂದು ಬೆಳಿಗ್ಗೆ ದೊಡ್ಡ ಹೂಜಿ ಊದುತ್ತಿದ್ದಾಗ ನಡುವೆಯೇ ಉಸಿರು ಕೈಕೊಟ್ಟಿತು. ಕೊಳವೆಯ ತುದಿಯ ಕೆಂಪು ಗಾಜು ಒಂದು ಮಗ್ಗುಲಿಗೆ ಜೋತು ಸುಕ್ಕಾಗಿ ಹೋಯಿತು. ಆ ವಾರ ಹಾಗೆ ನಾಲ್ಕು ಕೆಟ್ಟವು.

"ಮಳೆಗಾಲದಲ್ಲಿ ಗೂಳಿ ಥರ ಇರ್ತೀಯ. ಕ್ಯಾಲೆಂಡರ್ ನೋಡ್ಕೊಂಡು ಬರೋ ಕಾಯಿಲೆ ಯಾವುದಪ್ಪಾ ಅದು?" ಎಂದ ಅಣ್ಣ. "ಮೈಗಳ್ಳತನಕ್ಕೂ ಮಿತಿ ಇರ್ಲಿ." ಕೊಳವೆ ಇಸಕೊಂಡು ತನ್ನ ಅಳಿಯನ ಕೈಗೆ ಕೊಟ್ಟ. "ಸದ್ಯಕ್ಕೆ" ಅಂದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಬಡಿಸುವುದನ್ನು ನಿಲ್ಲಿಸಿದಳು. "ನಿಮ್ಮ ಎದೆಯಿಂದ ಸಿಳ್ಳೆ ಬರ್ತಿದೆ. ಇದೆಂಥ ನೆಗಡಿ? ಏಳಿ, ಡಾಕ್ಟರ ಹತ್ರ ಹೋಗೋಣ."

ಡಾಕ್ಟರಮ್ಮ ಒಂದು ಯಂತ್ರದೊಳಕ್ಕೆ ಊದಿಸಿದರು. ಇರಬೇಕಾದ್ದರ ಅರ್ಧಕ್ಕೆ ಮುಳ್ಳು ನಿಂತಿತು. ಊದುವುದೇ ಕಸುಬಾದವನಿಗೆ ಹೆಂಡತಿಯ ಮುಖ ನೋಡಲು ನಾಚಿಕೆಯಾಯಿತು. ಉಸಿರಿನ ಜೊತೆ ಔಷಧಿ ಎಳೆದುಕೊಳ್ಳಲು ಕೊಟ್ಟು, ಕಾಲು ಗಂಟೆ ಬಿಟ್ಟು ಊದಿಸಿದಾಗ ಮುಳ್ಳು ಮೇಲೇರಿತು.

"ಮೂಗು ಬೇರೆ, ಎದೆ ಬೇರೆ ಅಂದ್ಕೊಂಡ್ರಾ? ಗಾಳಿಗೆ ಎರಡೂ ಒಂದೇ ದಾರಿ. ಪರಾಗ ಮೂಗನ್ನ ಕೆರಳಿಸುತ್ತೆ. ಕೆಲವರಿಗೆ ಎದೆಯ ಸಣ್ಣ ಕೊಳವೆಗಳೂ ಊದಿಕೊಂಡು ಬಿಗಿಯುತ್ತವೆ. ಇದು ಅಸ್ತಮಾ. ಎಷ್ಟು ವರ್ಷದಿಂದ ಸೀನ್ತಿದ್ದೀರಿ?"

"ಹದಿನೈದು."

"ಆಗ್ಲೇ ಯಾಕೆ ಬರ್ಲಿಲ್ಲ?"

"ಎಲ್ರೂ ನಗ್ತಿದ್ರು. ನಾನೂ ನಗ್ತಿದ್ದೆ."

ದಿನಕ್ಕೆರಡು ಸಲ ಔಷಧಿ ಎಳೆದುಕೊಂಡ, ಒಂದು ಹೊತ್ತೂ ತಪ್ಪಿಸಲಿಲ್ಲ. ಐದನೇ ವಾರಕ್ಕೆ ಎದೆ ಹಗುರಾಯಿತು. ಮುಂದಿನ ವರ್ಷ ಹೂಬಿಡುವ ಮುಂಚೆಯೇ ಔಷಧಿ ಶುರುಮಾಡಿದರೆ ಕೆಲಸಕ್ಕೆ ಅಡ್ಡಿಯಿರದು ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಅದನ್ನು ಹಿಡಿದು ನೇರ ಕಾರ್ಖಾನೆಗೆ ಹೋದ.

ಅಣ್ಣ ಕಾಗದವನ್ನು ಹಿಂದೆಮುಂದೆ ತಿರುಗಿಸಿದ. "ಒಳ್ಳೇದಾಯ್ತು. ಆದ್ರೆ ಅಳಿಯಂದ್ರ ಕೈಯಿಂದ ಈಗ ಕಿತ್ಕೊಳ್ಳೋಕಾಗುತ್ತಾ? ಮಗಳು ಏನಂದ್ಕೋತಾಳೆ? ನೀನು ಪ್ಯಾಕಿಂಗ್ ನೋಡ್ಕೋ. ಉಸಿರು ಕಟ್ಟೋ ಕೆಲಸ ಅಲ್ಲ."

"ನನಗೀಗ ಉಸಿರು ಕಟ್ತಿಲ್ಲ, ಅಣ್ಣ."

"ಮುಂದಿನ ವರ್ಷ ಕಟ್ಟಿದ್ರೆ?"

ಸೀನಪ್ಪ ಅಣ್ಣನ ಕೈಯಿಂದ ಕಾಗದ ಇಸಕೊಂಡು, ಮಡಚಿ ಜೇಬಿಗಿಟ್ಟುಕೊಂಡ.

ಪ್ಯಾಕಿಂಗ್ ಕೋಣೆಗೆ ಅಳಿಯ ತಾನು ಊದಿದ ಮೊದಲ ದೊಡ್ಡ ಹೂಜಿ ಎತ್ತಿಕೊಂಡು ಬಂದ. ಸೀನಪ್ಪ ಒಳಗೆ ಕೈಹಾಕಿ ಬೆರಳಾಡಿಸಿದ. ಒಂದು ಪಕ್ಕ ಬೆರಳಿನ ದಪ್ಪ, ಇನ್ನೊಂದು ಪಕ್ಕ ಈರುಳ್ಳಿ ಸಿಪ್ಪೆ. ಬಿಸಿನೀರು ಹೊಯ್ದ ದಿನವೇ ಬಿರಿಯುತ್ತದೆ. ಎಲ್ಲಿ ಉಸಿರು ಬಿಗಿಹಿಡಿಯಬೇಕಿತ್ತೆಂದು ಎರಡು ಮಾತಿನಲ್ಲಿ ಹೇಳಿಕೊಡಬಹುದಿತ್ತು.

"ಹೇಗಿದೆ ಮಾವ?" ಅಳಿಯ ಆಸೆಯಿಂದ ಕೇಳಿದ.

"ಚೆನ್ನಾಗಿದೆ" ಎಂದು ಹೇಳಿ ಸೀನಪ್ಪ ಅದನ್ನು ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಅಂಟಿಸಿದ.