ಹೆಗಲಿನಿಂದ ಇಳಿಯದ ಮೂಟೆ

ಮಾಘದ ಚಳಿಯಲ್ಲಿ, ಮಂಜು ಕರಗುವ ಹೊತ್ತಿಗೆ, ಸುಮಲತಾ ಮರಳಿನ ಮೂಟೆ ಹೊತ್ತು ತನ್ನೂರು ಬೇಗಾರಿನ ಏರು ಹತ್ತತೊಡಗಿದಳು. ಓಟ, ಭಾರ ಎರಡೂ ಇರುವ ಸ್ಪರ್ಧೆಗೆ ಅವಳು ಮಂಗಳೂರಿಗೆ ಹೋಗಬೇಕಿತ್ತು. ಹಿಂದೆ ಅಭ್ಯಾಸಕ್ಕೆ ಹತ್ತಿದಾಗಲೆಲ್ಲ ಅರ್ಧದಲ್ಲೇ ಮೂಟೆ ಇಳಿಸಿದ್ದಳು. ಇವತ್ತೂ ಇಳಿಸಿದರೆ ಹೋಗುವುದೇ ಇಲ್ಲವೆಂದು ತನಗೆ ತಾನೇ ಹೇಳಿಕೊಂಡಿದ್ದಳು.

ಅತ್ತೆ ಸೀತಕ್ಕ ಹಿಂದೆಯೇ ನಡೆದಳು. ಆಯುಷ್ಯವೆಲ್ಲ ಕೂಲಿಗೆ ಸೊಪ್ಪಿನ ಹೊರೆ ಹೊತ್ತವಳಿಗೆ ಇದು ಹುಚ್ಚಾಟ ಅನ್ನಿಸಿತ್ತು.

ಅರ್ಧ ಏರಿನಲ್ಲಿ ಸುಮಲತಾ ನಿಂತುಬಿಟ್ಟಳು. ಕಣ್ಣಲ್ಲಿ ನೀರು ಬಂತು.

"ಇಳ್ಸೇ ಮಾರಾಯ್ತಿ, ಸತ್ತುಗಿತ್ತು ಹೋದೀಯ!" ಸೀತಕ್ಕ ಕೈ ಚಾಚಿದಳು.

"ಮುಟ್ಬೇಡ ಅತ್ತೆ. ಕಾಲು ಆಗ್ಲೇ ಆಗಲ್ಲ ಅಂತು. ನಾನೀಗ ಅದ್ರ ಹತ್ರ ಕೇಳ್ತಾ ಇಲ್ಲ. ಆ ಹಲಸಿನ ಮರದ ತನಕ ಅಷ್ಟೇ."

ಹಲಸಿನ ಮರ ಬಂತು. "ಆ ಮೋರಿ ತನಕ ಅಷ್ಟೇ," ಎಂದಳು.

"ಮತ್ತೂ ಅಷ್ಟೇ ಅಂತೀಯಲ್ಲೇ, ಸುಳ್ಳಿ!"

ಸುಮಲತಾ ಅಳುತ್ತಲೇ ನಕ್ಕು ಮುಂದೆ ನಡೆದಳು.

ಸೀತಕ್ಕ ಹಿಂದೆಯೇ ಹತ್ತಿದಳು. ತಾನು ಹೊರೆ ಹೊರುವಾಗಲೆಲ್ಲ ಬೆನ್ನ ಹಿಂದೆ ಮೇಸ್ತ್ರಿಯೊಬ್ಬ ಗದರುತ್ತಿದ್ದ. ಇವಳನ್ನು ಯಾರೂ ಗದರುತ್ತಿರಲಿಲ್ಲ. ಇಳಿಸೆಂದು ಬೇಡಿದರೂ ಇಳಿಸಲಿಲ್ಲ. ದೇವರ ಮುಂದೆ ನಿಂತ ಹಾಗೆ ಸೀತಕ್ಕನ ಮೈ ಜುಮ್ಮೆಂದಿತು.

ತುದಿ ಮುಟ್ಟಿದ ಮೇಲೆಯೇ ಮೂಟೆ ನೆಲ ಕಂಡಿತು.

ಆ ಶುಕ್ರವಾರ ಬೆಳಗಿನ ಬಸ್ಸಿಗೆ ಸುಮಲತಾ ಮಂಗಳೂರಿಗೆ ಹೊರಟಳು.