ಏಳನೇ ಕೇಂದ್ರದ ಮೂವತ್ತೊಂಬತ್ತು ಡಿಗ್ರಿ

ನಮ್ಮ ದ್ವೀಪದಲ್ಲಿ ಯಾರ ಮನೆಯಲ್ಲೂ ಕಂಬಳಿ ಇರಲಿಲ್ಲ. ಬೇಕಾಗುತ್ತಲೂ ಇರಲಿಲ್ಲ. ಇಡೀ ವರ್ಷದಲ್ಲಿ ಉಷ್ಣತೆ ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ಇಳಿದದ್ದನ್ನು ನಾನು ಕಂಡಿಲ್ಲ, ಮೂವತ್ತೆರಡು ದಾಟಿದ್ದನ್ನೂ ಕಂಡಿಲ್ಲ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅದನ್ನು ಅಳೆಯುವುದೇ ನನ್ನ ಕೆಲಸವಾಗಿತ್ತು.

ಮನೆಯ ಹಿಂದಿನ ಬಯಲಿನಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಪೆಟ್ಟಿಗೆ. ಗಾಳಿಯಾಡಲೆಂದು ಸುತ್ತ ಮರದ ಪಟ್ಟಿಗಳು, ಒಳಗೆ ಉಷ್ಣಮಾಪಕ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಹೋಗಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಆಚೆ ದಡದ ಹವಾಮಾನ ಕಚೇರಿಗೆ ಫೋನಿನಲ್ಲಿ ಹೇಳಬೇಕು. ತಪ್ಪು ಬರೆದರೆ ಅಳಿಸುವಂತಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕೊನೆಯ ಕಾಲಮ್ಮಿನಲ್ಲಿ ಕಾರಣ ಕೊಡಬೇಕು.

ನನ್ನ ಅತ್ತೆಗೆ ಇದೊಂದು ತಮಾಷೆ.

"ಅಲ್ಲ ಕಣೇ, ಇವತ್ತೂ ಸೆಕೆ ಅಂತ ಬರೆಯೋಕೆ ಬಿಎಸ್ಸಿ ಓದ್ಬೇಕಿತ್ತಾ? ನನ್ನ ಕೇಳಿದ್ರೆ ಜನವರಿಲೇ ಡಿಸೆಂಬರ್ ತನಕ ಹೇಳಿಬಿಡ್ತಿದ್ದೆ."

"ಹಾಗೆಲ್ಲ ಬರೆಯೋ ಹಾಗಿಲ್ಲ ಅತ್ತೆ. ನೋಡಿ ಬರೀಬೇಕು."

"ನೋಡು ನೋಡು. ಎಲ್ಲಿ ಓಡಿಹೋದೀತು."

ಹೀಗನ್ನುತ್ತಿದ್ದವರೇ, ಊಟವಾಗಿ ನನಗೆ ಜೋಂಪು ಹತ್ತಿದ್ದರೆ, ಎರಡಕ್ಕೆ ಹತ್ತು ನಿಮಿಷವಿರುವಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದರು. ಏಳು ಎಂದು ಒಂದು ದಿನವೂ ಹೇಳಿದವರಲ್ಲ. ಪಾತ್ರೆಯನ್ನು ಮಾತ್ರ ಕುಕ್ಕುತ್ತಿದ್ದರು.

ಫೋನಿನ ಆ ತುದಿಯಲ್ಲಿ ಇದ್ದವರು ಒಬ್ಬ ಗುಮಾಸ್ತರು. ಅವರ ಮುಖವನ್ನು ನಾನು ನೋಡಿರಲಿಲ್ಲ. ಬರೆದುಕೊಳ್ಳುವ ಮೊದಲು ಒಮ್ಮೆ ಕೆಮ್ಮುತ್ತಿದ್ದರು, ಅದಕ್ಕೇ ನಮ್ಮ ಮನೆಯಲ್ಲಿ ಅವರು ಕೆಮ್ಮಿನ ಸಾರ್. ನಮ್ಮದು ಏಳನೇ ಕೇಂದ್ರ, ಹಾಗಾಗಿ ಅವರಿಗೆ ನಾನು 'ಏಳನೇ ನಂಬರು'.

ಒಂದು ವರ್ಷ ಅತ್ತೆ ಆಚೆ ದಡದಲ್ಲಿದ್ದ ತಂಗಿಯ ಮನೆಯಲ್ಲಿ ಹದಿನೈದು ದಿನ ಇದ್ದು ಬಂದರು. ಬಂದ ವಾರಕ್ಕೆ, ಒಂದು ಭಾನುವಾರ, ಜ್ವರ ಹಿಡಿಯಿತು. ನನ್ನ ಯಜಮಾನರು ಸರಕಿನ ಹಡಗಿನಲ್ಲಿ ದೂರ ಹೋಗಿದ್ದರು. ದ್ವೀಪದ ಆಸ್ಪತ್ರೆಯಲ್ಲಿದ್ದದ್ದು ಕಾಂಪೌಂಡರ್ ಒಬ್ಬರೇ. ಡಾಕ್ಟರು ವಾರಕ್ಕೊಂದೇ ಇದ್ದ ಸೋಮವಾರದ ದೋಣಿಗೆ ಬಂದು ಅದರಲ್ಲೇ ಹಿಂದಿರುಗುವವರು. ಮರುದಿನ ಅವರು ಬಂದಾಗ ಜ್ವರವೇ ಇರಲಿಲ್ಲ. "ನನಗೇನಾಗಿದೆ, ಡಾಕ್ಟರ ಹೊತ್ತು ಯಾಕೆ ಹಾಳು ಮಾಡ್ತೀಯ?" ಎಂದು ಅತ್ತೆ ನನ್ನನ್ನು ತಡೆದರು. ಮಂಗಳವಾರ ಮತ್ತೆ ಮೈ ಕಾದ ಹೆಂಚಾಯಿತು. ಕಾಂಪೌಂಡರ್ ಜ್ವರದ ಮಾತ್ರೆ ಕೊಟ್ಟರು. ಬುಧವಾರ ಇಳಿಯಿತು, ಗುರುವಾರ ಏರಿತು. ಅಷ್ಟರಲ್ಲಿ ಅವರು ತಲೆಯೆತ್ತಿ ನೀರು ಕುಡಿಯಲಾರದಷ್ಟು ಸೋತಿದ್ದರು. ಇನ್ನೊಂದು ಸೋಮವಾರದವರೆಗೆ ಇವರು ಉಳಿಯುತ್ತಾರೆಯೇ ಎಂದು ನಾನು ದಿನ ಎಣಿಸುತ್ತಿದ್ದೆ.

ಗುರುವಾರ ಎರಡು ಗಂಟೆಗೆ ಅತ್ತೆಯ ಕಂಕುಳಿನಿಂದ ಥರ್ಮಾಮೀಟರ್ ತೆಗೆದು ನೋಡಿದೆ, ಪೆಟ್ಟಿಗೆಯದನ್ನೂ ಓಡಿ ನೋಡಿ ಬಂದೆ, ರಿಜಿಸ್ಟರಿನಲ್ಲಿ ಬರೆದೆ, ಫೋನ್ ಎತ್ತಿದೆ.

"ಏಳನೇ ನಂಬರು. ಮೂವತ್ತೊಂಬತ್ತು ಪಾಯಿಂಟ್ ಎರಡು."

ಕೆಮ್ಮು ಕೇಳಲಿಲ್ಲ.

"ಅಮ್ಮಾ," ಎಂದರು. ಅದುವರೆಗೆ ನನ್ನನ್ನು ಹಾಗೆ ಕರೆದವರಲ್ಲ. "ಮನೇಲಿ ಯಾರಿಗೆ ಹುಷಾರಿಲ್ಲ?"

ನನಗೆ ಅಳು ಬಂದುಬಿಟ್ಟಿತು. ಅತ್ತೆಗೆ ಎಂದೆ. ತಪ್ಪಾಯಿತು ಎಂದೆ.

"ತಪ್ಪು ಆಮೇಲೆ. ಜ್ವರ ಯಾವತ್ತಿಂದ? ಬರೆದಿಟ್ಟಿದೀರಾ?"

ಬರೆದಿಟ್ಟಿದ್ದೆ. ಯಾರೂ ಹೇಳಿರಲಿಲ್ಲ, ಕೈಗೆ ಅಭ್ಯಾಸವಾಗಿತ್ತು. ಪೆಟ್ಟಿಗೆ ನೋಡುವ ಮೂರು ಹೊತ್ತಿನಲ್ಲೇ ಅತ್ತೆಯನ್ನೂ ನೋಡಿ ಒಂದು ಹಳೆಯ ಲಕೋಟೆಯ ಹಿಂದೆ ಗೀಚಿದ್ದೆ. ಅದನ್ನೇ ಓದಿದೆ. ಈಗ ಅವರು ಕೆಮ್ಮಿದರು, ಪ್ರತಿಯೊಂದನ್ನೂ ಬರೆದುಕೊಂಡರು.

"ನಮ್ಮ ಬೀದಿಲಿ ಒಬ್ಬರು ಡಾಕ್ಟರಿದಾರೆ. ತೋರಿಸಿ ಫೋನ್ ಮಾಡ್ತೀನಿ. ಅಷ್ಟರಲ್ಲಿ ಏನಾದ್ರೂ ತಿನ್ನಿ. ನಿಮ್ಮ ದನಿ ಕೇಳಿದ್ರೆ ನೀವು ಉಂಡ ಹಾಗಿಲ್ಲ."

ಐದು ಗಂಟೆಗೆ ಫೋನ್ ಬಂತು. "ಡಾಕ್ಟರು ಕೇಳ್ತಿದಾರೆ, ದಿನ ಬಿಟ್ಟು ದಿನ, ಅದೇ ಹೊತ್ತಿಗೆ ಏರ್ತಿದೆ. ಅದಕ್ಕೆ ಮುಂಚೆ ಚಳಿ ಬಂದು ನಡುಗ್ತಾರಾ?"

ಇಲ್ಲ ಎನ್ನಲು ಬಾಯಿ ತೆರೆದವಳು, ನಿಲ್ಲಿಸಿ, ಒಳಗೆ ಹೋಗಿ ಕೇಳಿದೆ. ಅತ್ತೆ ಗೋಡೆಯ ಕಡೆ ತಿರುಗಿದರು.

"ನಿದ್ದೆ ಮಾಡ್ತೀನಿ, ಬಾಗಿಲು ಹಾಕ್ಕೊಂಡು ಹೋಗು ಅಂತಿದ್ನಲ್ಲ, ಅವಾಗ."

"ಹೇಳಬಾರದಿತ್ತಾ ಅತ್ತೆ?"

"ಈ ಊರಲ್ಲಿ ಚಳಿ ಅಂದ್ರೆ ಯಾರು ನಂಬ್ತಾರೆ? ಅದೂ ನಾನು. ನಿನ್ನ ಅಷ್ಟು ಆಡ್ಕೊಂಡೋಳು."

ಅದು ಮಲೇರಿಯಾ. ನಮ್ಮ ದ್ವೀಪದಲ್ಲಿ ವರ್ಷಗಳಿಂದ ಯಾರಿಗೂ ಬಂದಿರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ. ಡಾಕ್ಟರು ಕಾಂಪೌಂಡರಿಗೆ ಫೋನಿನಲ್ಲೇ ಹೇಳಿದರು: ಪರೀಕ್ಷೆಗೆ ರಕ್ತ ತೆಗೆದಿಟ್ಟು, ಇವತ್ತೇ ಔಷಧ ಶುರುಮಾಡಿ. ಮಾತ್ರೆ ಆಸ್ಪತ್ರೆಯ ಬೀರುವಿನಲ್ಲೇ ಇತ್ತು. ಕಾಂಪೌಂಡರ್ ಬರುವಾಗ ಕಂಕುಳಲ್ಲಿ ಏನನ್ನೋ ಅವುಚಿಕೊಂಡು ಬಂದರು. ಕಂಬಳಿ. ಸಮುದ್ರಕ್ಕೆ ಬಿದ್ದವರನ್ನು ಎತ್ತಿದರೆ ಹೊದಿಸಲೆಂದು ಬಂದರಿನ ಕಚೇರಿಯಲ್ಲಿ ಇಟ್ಟಿದ್ದದ್ದಂತೆ.

"ಮೊದಲೇ ಗೊತ್ತಾಗಬೇಕಿತ್ತು ನನಗೆ," ಎಂದರು ಅವರು, ಕಂಬಳಿ ಕೊಡವುತ್ತ.

"ನಿನಗೆ ಗೊತ್ತಾಗೋಕೆ ನಾನು ಬಿಟ್ಟರೆ ತಾನೆ," ಎಂದರು ಅತ್ತೆ.

ಜ್ವರದ ಮುಂದಿನ ಸರದಿ ಶನಿವಾರ. ಹನ್ನೆರಡಾಯಿತು. ಕಂಬಳಿಯನ್ನು ಕಾಲ ಬಳಿ ಮಡಿಸಿಟ್ಟು, ಬಾಗಿಲು ತೆರೆದೇ ಇಟ್ಟು, ಅವರ ಕೈ ಹಿಡಿದು ಕುಳಿತೆ. ಒಂದಾಯಿತು. ಕೈ ನಡುಗಲಿಲ್ಲ. ಎರಡಕ್ಕೆ ಐದು ನಿಮಿಷವಿರುವಾಗ ಕೆಮ್ಮಿನ ಸಾರ್ ತಾವೇ ಫೋನ್ ಮಾಡಿದರು.

"ಮೊದಲು ಒಳಗಿಂದು ನೋಡಿ ಅಮ್ಮಾ. ನಾನು ಹಿಡ್ಕೊಂಡಿರ್ತೀನಿ."

ನೋಡಿದೆ. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ.

"ಮೂವತ್ತೇಳು ಪಾಯಿಂಟ್ ಒಂದು."

ಆ ಕಡೆ ಕೆಮ್ಮು. ಒಂದಲ್ಲ, ಮೂರು ನಾಲ್ಕು.

"ಸರಿ, ಬರ್ಕೊಂಡೆ. ಇನ್ನು ದ್ವೀಪದ್ದು ಹೇಳಿ."

ಆ ಗುರುವಾರದ ತಪ್ಪಿಗೆ ಗೆರೆ ಎಳೆದು ಸರಿಯಾದದ್ದನ್ನು ಬರೆದಿದ್ದೆ, ಕಾರಣದ ಕಾಲಮ್ಮನ್ನು ಮಾತ್ರ ನಾಚಿಕೆಯಿಂದ ಖಾಲಿ ಬಿಟ್ಟಿದ್ದೆ. ವರ್ಷದ ಕೊನೆಗೆ ರಿಜಿಸ್ಟರ್ ತಪಾಸಣೆಗೆ ಹೋಗಿ ಬಂತು. ಆ ಕಾಲಮ್ಮಿನಲ್ಲಿ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ಓದಿದ್ದು ಸರಿ. ದ್ವೀಪದ್ದಲ್ಲ, ಅತ್ತೆಯವರದು. ಶನಿವಾರ ಇಳಿದಿದೆ.'

ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದರು.

"ಅಂತೂ ನಿನ್ನ ಪುಸ್ತಕದಲ್ಲಿ ಓದೋಕೆ ಏನೋ ಒಂದು ಸಿಕ್ತು," ಎಂದು ಅಡುಗೆಮನೆಗೆ ಎದ್ದು ಹೋದರು. ನಾನು ರಿಜಿಸ್ಟರನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕುಳಿತಿದ್ದೆ. ಒಳಗೆ ಪಾತ್ರೆ ಸದ್ದಾಯಿತು. ಗಡಿಯಾರ ನೋಡಿದೆ. ಎರಡಕ್ಕೆ ಹತ್ತು ನಿಮಿಷವಿತ್ತು.